ಚೀನಾ ಗಿಟಾರಿನ ಜವಾರಿ

“ತೆಗಿಯಡ ತಮಾ, ಜವಾರಿ ಅದು!” ಎನ್ನುತ್ತ ಸೋದರತ್ತೆ ರಿಪೇರಿಯವನ ಕೈಯನ್ನೇ ಹಿಡಿದುಬಿಟ್ಟಳು.

ಶಿರಸಿಯ ವಾದ್ಯದಂಗಡಿ. ನನ್ನ ಅಗ್ಗದ ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೆಳಗಿನ ಲೋಹದ ಪಟ್ಟಿಗಳಿಗೆ ತಾಗಿ ಜುಂಯ್‌ಗುಡುತ್ತಿದ್ದವು. ಬೇರೆ ಗಿಟಾರ್ ಕೊಳ್ಳುವ ಬದಲು, ತಂತಿ ಕೂರುವ ಬ್ರಿಜ್ಜನ್ನೇ ಬದಲಿಸಿ ಆ ಸದ್ದು ತೆಗೆಸಲು ಹೋಗಿದ್ದೆ. ಕನ್ನಡಕ ಮಾಡಿಸಲು ಪೇಟೆಗೆ ಬಂದಿದ್ದ ಅತ್ತೆಯೂ ಜೊತೆಗಿದ್ದಳು.

ಹಾವೇರಿ ಕಡೆಯ ರಿಪೇರಿಯವನು ನಕ್ಕ. “ಜವಾರಿ ಎಲ್ಲೀದ್ರಿ ಅಜ್ಜಿ? ಇದು ಚೀನಾ ಮಾಲು!”

ಅವನಿಗೆ ಜವಾರಿ ಎಂದರೆ ನಾಟಿ ಕೋಳಿ, ನಾಟಿ ಬದನೆ. ಅತ್ತೆಗೆ ಅದು ತಂಬೂರಿಯ ತಂತಿಯಡಿ ದಾರ ಸರಿಸಿದಾಗ ಏಳುವ ಝೇಂಕಾರ. “ನಿನ್ನ ಮಾವ ಅರ್ಧ ತಾಸು ದಾರ ಸರಿಸಿರೂ ಇಷ್ಟು ಚೊಲೋ ಬತ್ತಿತ್ತಿಲ್ಲೆ” ಎಂದು ನನ್ನತ್ತ ತಿರುಗಿದಳು. ಮಾವ ತೀರಿಹೋದ ಮೇಲೆ ಆ ತಂಬೂರಿಯನ್ನು ಯಾರೂ ಮುಟ್ಟಿರಲಿಲ್ಲ.

ಹೊಸ ಬ್ರಿಜ್ಜಿನಲ್ಲಿ ಒಂದೊಂದು ತಂತಿಗೂ ಎತ್ತರ ಹೊಂದಿಸುವ ಒಂದೊಂದು ತಿರುಪು. ನಾನು ಹೇಳಿದಂತೆ ಅವನು ಐದು ತಂತಿಗಳನ್ನು ಏರಿಸಿ, ದಪ್ಪನೆಯದೊಂದನ್ನು ಮಾತ್ರ ಜುಂಯ್‌ಗುಡುವಂತೆ ತಗ್ಗಿನಲ್ಲೇ ಬಿಟ್ಟ.

ಈಗ ಕೋಲಸಿರ್ಸಿಯಲ್ಲಿರುವ ಅತ್ತೆಯ ಮನೆಗೆ ಹೋದಾಗಲೆಲ್ಲ ಗಿಟಾರ್ ಒಯ್ದು ಆ ಒಂದು ತಂತಿ ಮೀಟುತ್ತ ಕೂರುತ್ತೇನೆ. ಮಾವ ಹೇಳಿಕೊಟ್ಟ ದೇವರನಾಮಗಳನ್ನು ಅತ್ತೆ ಒಂದೊಂದಾಗಿ ನೆನಪಿಸಿಕೊಂಡು ಹಾಡುತ್ತಾಳೆ. ಉಳಿದ ಐದು ತಂತಿಗಳಿಗೆ ಅಂದು ಕೆಲಸವೇ ಇರುವುದಿಲ್ಲ.