ಹತ್ತು ಹೆಜ್ಜೆ ಆಚೆಯ ಕಲ್ಲು

ನಮ್ಮ ಮನೆತನದಲ್ಲಿ ಬಾಣಂತಿ ಬಾವಿಯ ಹತ್ತಿರ ಗಂಗೆ ಪೂಜೆ ಮಾಡಿ, ಒಂದು ಬಿಂದಿಗೆ ನೀರು ತಂದ ಮೇಲೆಯೇ ಅಡುಗೆಮನೆಗೆ ಕಾಲಿಡುವುದು. ಹೋದ ವರ್ಷ ಸೊಸೆಗೆ ಹೆಣ್ಣು ಮಗುವಾದಾಗ ಪೂಜೆಗೆ ಬಾವಿಯೇ ಇರಲಿಲ್ಲ. ಕಮ್ಮನಹಳ್ಳಿಯಿಂದಾಚೆ ರಾಗಿ ಬೆಳೆಯುತ್ತಿದ್ದ ನಮ್ಮೂರಿನಲ್ಲಿ ಈಗ ಬರೀ ಬಾಡಿಗೆ ಮನೆಗಳು. ನಮ್ಮ ಬಾವಿಯನ್ನು ನಾವೇ ಮುಚ್ಚಿಸಿ ಅದರ ಮೇಲೆ ಕಾರು ನಿಲ್ಲಿಸುತ್ತೇವೆ.

"ಬೋರ್‌ವೆಲ್ ನಲ್ಲಿಗೇ ಅರಿಶಿನ ಕುಂಕುಮ ಇಟ್ರೆ ಆಗಲ್ವಾ ಅತ್ತೆ? ನಮ್ಮಕ್ಕ ಹಂಗೇ ಮಾಡಿದ್ಲು" ಎಂದಳು ಸೊಸೆ.

ನಾನು ಮೊದಲೇ ಹಟಮಾರಿ. "ಗಂಗಮ್ಮ ಪೈಪಲ್ಲಿ ಬರ್ತಾಳಾ?" ಎಂದು ರೇಗಿದೆ.

ನನ್ನ ಗಂಡ ಮನೆ ಅಳಿಯನಾಗಿ ಬಂದವರು. ಹಾಗಾಗಿ ನಾನು ಹುಟ್ಟಿದ ಮನೆಯಲ್ಲೇ ಮುದುಕಿಯಾದೆ, ಆ ಬಾವಿಯ ಕಥೆಯನ್ನು ಬಂದವರಿಗೆಲ್ಲ ಹೇಳಿದೆ. ತೋಡಿದಾಗ ನೀರು ಬೀಳಲಿಲ್ಲವಂತೆ, ನಮ್ಮ ವಂಶದ ಹಿರಿಸೊಸೆ ಬಾಗಿನ ಹಿಡಿದು ಒಳಗಿಳಿದಳಂತೆ, ಗಂಗೆ ಉಕ್ಕಿದಳಂತೆ, ಸೊಸೆ ಮಾತ್ರ ಮೇಲೆ ಬರಲಿಲ್ಲವಂತೆ. ಹಳೇ ಬಾವಿ ಇರುವ ಕಡೆಯೆಲ್ಲ ಇಂಥದ್ದೊಂದು ಕಥೆ ಇರುತ್ತದೆ. ಬಾವಿ ಕಟ್ಟಲು ಕಲ್ಲು ಬೇಕಾದಷ್ಟೇ ಸೊಸೆಯೂ ಬೇಕು. ಸಿನಿಮಾದಲ್ಲೂ ಅಷ್ಟೇ, ನೊಂದ ಹೆಂಗಸು ಅಳುತ್ತ ಓಡುವುದು ಬಾವಿಯ ಕಡೆಗೇ. ಕಥೆಯ ಕೊನೆಗೆ ನಾನು ಹೆಮ್ಮೆಯಿಂದ ಒಂದು ಮಾತು ಸೇರಿಸುತ್ತಿದ್ದೆ: "ಊರಿಗೆಲ್ಲ ನೀರು ಕೊಟ್ಟಿದ್ದು ನಮ್ಮ ಬಾವಿನೇ."

ಅದು ಸುಳ್ಳು. ದಲಿತರ ಕೇರಿಯವರು ಆ ಬಾವಿಯನ್ನು ಮುಟ್ಟುವಂತಿರಲಿಲ್ಲ. ಹತ್ತು ಹೆಜ್ಜೆ ಆಚೆ ಒಂದು ಚಪ್ಪಡಿ ಕಲ್ಲಿತ್ತು. ಅದರ ಮೇಲೆ ಕೊಡ ಇಟ್ಟು ದೂರ ಸರಿದು ನಿಲ್ಲಬೇಕು. ನಮ್ಮವರು ಯಾರಾದರೂ ಮನಸ್ಸು ಬಂದಾಗ ಸೇದಿ, ಎತ್ತರದಿಂದ ಹುಯ್ಯುತ್ತಿದ್ದರು. ಅವರ ಕೊಡಕ್ಕೆ ಬಿದ್ದು ಸಿಡಿದ ಹನಿ ಕಾಲಿಗೆ ತಾಗಿದರೆ ಮೈಲಿಗೆ. ಅದಕ್ಕೆ ಹುಯ್ಯುತ್ತಲೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕೆಂದು ಅಜ್ಜಿ ನನಗೆ ಕಲಿಸಿದ್ದಳು. ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ದಿನಾ ಬಂದು "ನೀರಾಕಮ್ಮ" ಎಂದು ಕೂಗುತ್ತಿದ್ದಳು. ನಾನು ಕೇಳಿಸದವಳಂತೆ ಕುಂಟೆಬಿಲ್ಲೆ ಆಡುತ್ತಿದ್ದೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಅವಳು ಕಾಯುವುದನ್ನು ನೋಡಲು ನನಗೆ ಖುಷಿಯಾಗುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಿಂದ ಮುಖ ಸುಡುತ್ತದೆ.

ಆಮೇಲೆ ಕೇರಿಯವರು ತಮ್ಮ ಬಾವಿಯನ್ನು ತಾವೇ ತೋಡಿಕೊಂಡರು. ಈಗ ಅದರ ಪಕ್ಕ ಬುದ್ಧ ವಿಹಾರವಿದೆ, ಬಾವಿಯ ಮೇಲೆ ಕಬ್ಬಿಣದ ಜಾಲರಿ ಇದೆ, ಒಳಗೆ ನೀರೂ ಇದೆ. ಸುತ್ತಮುತ್ತ ಉಳಿದಿರುವ ಬಾವಿ ಅದೊಂದೇ. ಜಾಲರಿಯ ಬೀಗದ ಕೈ ಇರುವುದು ಅದೇ ಹುಡುಗಿಯ ಹತ್ತಿರ. ಈಗ ಅವರು ನಿವೃತ್ತ ಟೀಚರು. ಬೇರೆ ದಾರಿಯಿಲ್ಲದೆ ಅವರ ಬಾಗಿಲಿಗೆ ಹೋಗಿ, ತಡವರಿಸುತ್ತ ಕೇಳಿದೆ.

"ಮಗು ಶಾಸ್ತ್ರಕ್ಕೆ ಇಷ್ಟೊಂದು ಕೇಳ್ಬೇಕಾ? ಬನ್ನಿ" ಎಂದರು.

ಶುಕ್ರವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಯಿಂದ ತರಿಸಿದ ಹೂವು, ಹಿತ್ತಾಳೆ ಬಿಂದಿಗೆ ಹಿಡಿದು ಸೊಸೆ, ಮಗುವಿನ ಜೊತೆ ಹೋದೆ. ಪೂಜೆಯಾಯಿತು. ಅವರೇ ನೀರು ಸೇದಿ ಬಿಂದಿಗೆ ತುಂಬಿದರು. ಸೊಸೆಯ ತೋಳಲ್ಲಿ ಮಗು ಇದ್ದುದರಿಂದ ನನ್ನ ಕಡೆ ತಿರುಗಿ, ಯಾವ ಕೊಂಕೂ ಇಲ್ಲದೆ ಕೇಳಿದರು: "ಕೈಗೆ ಕೊಡ್ಲಾ, ಕೆಳಗಿಡ್ಲಾ?"

"ಅಯ್ಯೋ, ಕೈಗೇ ಕೊಡಿ" ಎಂದು ಕೈ ಚಾಚಿದೆ. ಬಿಂದಿಗೆ ತುಳುಕಿ ನೀರು ನನ್ನ ಪಾದದ ಹತ್ತಿರ ಚೆಲ್ಲಿತು. ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದುಬಿಟ್ಟೆ. ಅರವತ್ತು ದಾಟಿದರೂ ಕಾಲು ಅಜ್ಜಿಯ ಪಾಠ ಮರೆತಿರಲಿಲ್ಲ. ಅವರು ನನ್ನ ಕಾಲನ್ನೇ ನೋಡಿದರು. ಬಿಂದಿಗೆಯನ್ನು ನೆಲಕ್ಕಿಟ್ಟು, ತಾವೂ ದೂರ ಸರಿದು ನಿಂತರು.

ಸೊಸೆಗೆ ಇದ್ಯಾವುದೂ ತಿಳಿಯಲಿಲ್ಲ. ಮಗುವನ್ನು ನನ್ನ ಕೈಗಿತ್ತು, ಬಗ್ಗಿ ಬೊಗಸೆ ನೀರು ಕುಡಿದಳು. "ಎಷ್ಟು ಸಿಹಿಯಾಗಿದೆ ಆಂಟಿ! ನಮ್ಮತ್ತೆ ಮನೆ ಬಾವೀನೂ ಊರಿಗೆಲ್ಲ ನೀರು ಕೊಡ್ತಿತ್ತಂತೆ. ನೀವೂ ಅಲ್ಲಿಗೆ ಬರ್ತಿದ್ರಾ?"

ಅವರು ಒಮ್ಮೆ ನನ್ನ ಮುಖ ನೋಡಿದರು. ನಾನು ಮಗುವಿನ ಟೋಪಿ ಸರಿಮಾಡತೊಡಗಿದೆ.

"ಬರ್ತಿದ್ದೆ ಕಣಮ್ಮ. ನಿಮ್ಮತ್ತೇನೇ ನೀರು ಹಾಕ್ತಿದ್ರು" ಎಂದರು.

ಸೊಸೆ ಮೆಚ್ಚುಗೆಯಿಂದ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.