ಅತ್ತೆಯ ಮೂವರು ಅಣ್ಣಂದಿರು

ನಮ್ಮ ಅತ್ತೆಗೆ ಸತ್ತವರ ಸುದ್ದಿ ಓದಿದರೆ ಹಸಿವು ಹೆಚ್ಚುತ್ತದೆ. ಅಳಿಯನೆಂಬ ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ದಿನವೂ ಎದುರು ಕೂತು ನೋಡಿದ್ದೇನೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ನೇರವಾಗಿ ನಿಧನ ವಾರ್ತೆಯ ಪುಟಕ್ಕೆ ಹೋಗಿ, ಕನ್ನಡಕ ಮೇಲಕ್ಕೇರಿಸಿ, "ಅಯ್ಯೋ, ಎಪ್ಪತ್ತೆರಡಕ್ಕೇ ಹೊರಟುಬಿಟ್ಟನಲ್ಲ, ಅವಸರದ ಮನುಷ್ಯ" ಎಂದು ಮರುಗಿ, ಇನ್ನೊಂದು ತುಂಡು ಬ್ರೆಡ್ಡಿಗೆ ಕೈ ಚಾಚುತ್ತಾರೆ.

ಅವರು ನೌಕರಿಯುದ್ದಕ್ಕೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು. ಯಾರನ್ನು ಬೇಕಾದರೂ ಯಾರಿಗೆ ಬೇಕಾದರೂ ಜೋಡಿಸಿ ಅಭ್ಯಾಸ. ನಿವೃತ್ತಿಯ ಮೇಲೆ ಜೋಡಿಸಲು ಬದುಕಿದ್ದವರು ಸಿಗದೆ ಸತ್ತವರಿಗೆ ಕೈ ಹಾಕಿದರು. ಊಟದ ಮೇಜಿನಷ್ಟು ದೊಡ್ಡ ಹಾಳೆ ತಂದು, ಅದೇ ಮೇಜಿನ ಮೇಲೆ ಹಾಸಿ, ವಂಶವೃಕ್ಷ ಬರೆಯತೊಡಗಿದರು. ನಾವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತೆವು. ಆ ವೃಕ್ಷದ ಒಂದು ಕೊಂಬೆಯ ತುದಿಯಲ್ಲಿ ನಾನೂ ಇದ್ದೇನೆ, ಪೆನ್ಸಿಲ್ಲಿನಲ್ಲಿ.

"ಎಲ್ಲರೂ ಇಂಕಿನಲ್ಲಿ, ನಾನೊಬ್ಬ ಮಾತ್ರ ಯಾಕತ್ತೆ ಪೆನ್ಸಿಲ್ಲಿನಲ್ಲಿ?"

"ಇರಲಿ ಬಿಡಿ. ನಾಳೆ ಏನಾದ್ರೂ ಬದಲಾವಣೆ ಆದ್ರೆ ಅಳಿಸೋಕೆ ಸುಲಭ."

ಇಷ್ಟೆಲ್ಲ ತುಂಬಿದ ಹಾಳೆಯಲ್ಲಿ ನಟ್ಟನಡುವಿನ ಒಂದು ಚೌಕ ಮಾತ್ರ ಹೆಸರೊಂದು ಬಿಟ್ಟರೆ ಖಾಲಿ ಇತ್ತು, ಅತ್ತೆಯ ಅಪ್ಪನದು. ಅವರು ಊರೂರು ತಿರುಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಅತ್ತೆಗೆ ಎರಡು ವರ್ಷವಿದ್ದಾಗ ದೂರದ ಯಾವುದೋ ಊರಿನಲ್ಲಿ ತೀರಿಕೊಂಡರು. ತಾಯಿಯೂ ಬೇಗ ಹೋದರು. ಸಾಕಿದ ಅಜ್ಜಿಯನ್ನು ಅಪ್ಪನ ಬಗ್ಗೆ ಕೇಳಿದರೆ, "ಅವನಾ? ಅವನ ಕಾಲಿಗೆ ಚಕ್ರ ಇತ್ತು" ಎಂದಷ್ಟೇ ಹೇಳಿ ಕದ ಹಾಕಿಕೊಳ್ಳುತ್ತಿದ್ದರಂತೆ. ಹೀಗಾಗಿ ಅತ್ತೆ ಒಂಟಿ ಕೂಸು. ಶಾಲೆಯಲ್ಲಿ ಯಾರ ಜೊತೆ ಜಗಳವಾದರೂ ಎದುರಿನವರು "ಇರು, ನಮ್ಮಣ್ಣನಿಗೆ ಹೇಳ್ತೀನಿ" ಎನ್ನುತ್ತಿದ್ದರು. ಅತ್ತೆಗೆ ಆ ಮಾತು ಹೇಳುವ ಯೋಗ ಬರಲೇ ಇಲ್ಲ. "ಹೊರಗಿನವರ ಜೊತೆ ಎಷ್ಟಾದ್ರೂ ಜಗಳ ಆಡಬಹುದು. ಮನೆಯೊಳಗೇ ಒಬ್ಬ ಇರಬೇಕು ನೋಡಿ, ಅದರ ರುಚಿಯೇ ಬೇರೆ" ಎನ್ನುತ್ತಾರೆ. ನಾನಿದ್ದೇನಲ್ಲ ಎಂದರೆ, "ನೀವು ಬೇಗ ಸೋತುಬಿಡ್ತೀರಿ" ಎಂದು ತಳ್ಳಿಹಾಕುತ್ತಾರೆ.

ಅಂತೂ ಹಳೆಯ ಪತ್ರಗಳನ್ನು ಜಾಲಾಡಿ ಅಪ್ಪ ತೀರಿಕೊಂಡ ಊರನ್ನು ಪತ್ತೆ ಮಾಡಿದರು. ಅಲ್ಲಿಗೆ ಬಸ್ಸಿನಲ್ಲಿ ಹೋದೆವು. ಚೀಲ ಹೊರಲು ನಾನು, ಮಾತಾಡಲು ಅವರು. ಪುರಸಭೆಯ ಜನನ ಮರಣ ವಿಭಾಗದ ಗುಮಾಸ್ತ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತಿದ್ದ.

"ಯಾವ ತಾರೀಖು ತೀರ್ಕೊಂಡ್ರು?"

"ಅದನ್ನ ತಿಳ್ಕೊಳ್ಳೋಕೇ ಬಂದಿರೋದಪ್ಪ."

"ತಾರೀಖು ಹೇಳಿದ್ರೆ ಪುಸ್ತಕ ತೆಗೀತೀನಿ."

"ಪುಸ್ತಕ ತೆಗೆದ್ರೆ ತಾರೀಖು ಹೇಳ್ತೀನಿ."

ಆತ ಅತ್ತೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ನಿಮ್ಮ ತಾಯಿಯವರಾ?"

"ಅಲ್ಲ, ಅತ್ತೆ."

"ಓ... ಕೂತ್ಕೊಳ್ಳಿ ಸಾರ್" ಎಂದು ನನಗೆ ಕುರ್ಚಿ ಎಳೆದುಕೊಟ್ಟ. ಸರಕಾರಿ ಕಚೇರಿಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ನಂತರ ಅವನೇ ದಾರಿ ತೋರಿಸಿದ. ಪಕ್ಕದ ಬೀದಿಯ ಲೈಬ್ರರಿಯಲ್ಲಿ ಈ ಊರಿನ ವಾರಪತ್ರಿಕೆಯ ಹಳೆಯ ಸಂಪುಟಗಳಿವೆ. ಅದರಲ್ಲಿ ನಿಧನ ವಾರ್ತೆ ಹುಡುಕಿ ತಾರೀಖು ತಂದರೆ ಸಾಕು, ಮಿಕ್ಕಿದ್ದು ತನ್ನ ಜವಾಬ್ದಾರಿ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಧೂಳಿಗೆ ನಾನು ಸೀನುತ್ತಾ ಕೂತರೆ ಅತ್ತೆ ಸೀರೆಯಂಗಡಿಗೆ ಹೊಕ್ಕವರಂತೆ ಅರಳಿಬಿಟ್ಟರು. ಊರು ತುಂಬ ಸತ್ತವರು, ಒಬ್ಬೊಬ್ಬರನ್ನೂ ವಿಚಾರಿಸಿಕೊಂಡೇ ಮುಂದೆ ಹೋಗಬೇಕು! ಕೊನೆಗೊಮ್ಮೆ "ಸಿಕ್ಕಿದ್ರು!" ಎಂದು ಅವರು ಕಿರುಚಿದ್ದಕ್ಕೆ ಲೈಬ್ರರಿಯನ್ ಓಡಿ ಬಂದ. ಹೊಲಿಗೆ ಯಂತ್ರದ ಮೇಸ್ತ್ರಿ, ವಯಸ್ಸು ಮೂವತ್ತೆಂಟು. "ಅಲ್ಪಕಾಲದ ಅಸ್ವಸ್ಥತೆಯ ನಂತರ ನಿಧನರಾದರು. ಮೃತರು ಪತ್ನಿ, ಮೂವರು ಪುತ್ರರು, ಒಬ್ಬ ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ."

ಅತ್ತೆ ಅದನ್ನು ಮತ್ತೆ ಮತ್ತೆ ಓದಿದರು. "ಒಬ್ಬ ಪುತ್ರಿ ನಾನು. ಎರಡು ವರ್ಷದವಳಿಗೆ ಮೂರು ಜನ ತಮ್ಮಂದಿರು ಇರೋಕಾಗುತ್ತಾ? ಅಂದ್ರೆ ಅಣ್ಣಂದಿರು! ಮೂರು ಜನ ಅಣ್ಣಂದಿರು ಕಣ್ರೀ!"

ಪುರಸಭೆಗೆ ಮರಳಿದಾಗ ಗುಮಾಸ್ತ ಮಾತು ಉಳಿಸಿಕೊಂಡ. ಪುಸ್ತಕ ತೆಗೆದ. ಹೆಸರು, ಕಸುಬು, ವಿಷಮಜ್ವರ, ಎಲ್ಲವೂ ಇತ್ತು. ಗಂಡುಮಕ್ಕಳು? "ಅದಕ್ಕೆ ಕಾಲಂ ಇಲ್ಲಮ್ಮ. ಇಲ್ಲಿ ಸತ್ತವರದು ಮಾತ್ರ."

ಮನೆಗೆ ಬಂದು ಸುದ್ದಿ ಹೇಳಿದಾಗ ನನ್ನ ಹೆಂಡತಿ ತಲೆ ಮೇಲೆ ಕೈಹೊತ್ತು ಕೂತಳು. ಅವಳು ಗಣಿತದ ಟೀಚರು, ಲೆಕ್ಕ ಬೇಗ ಹತ್ತಿತು.

"ಅಮ್ಮಾ, ಅರ್ಥ ಆಗ್ತಿದೆಯಾ? ತಾತ ಅಲ್ಲಿ ಇನ್ನೊಂದು ಸಂಸಾರ ಇಟ್ಕೊಂಡಿದ್ರು ಅಂತ!"

"ಇಟ್ಕೊಳ್ಳಲಿ ಬಿಡೇ. ಅದರಿಂದ ನನಗೆ ಒಳ್ಳೇದೇ ಆಯ್ತಲ್ಲ."

ಅಂದಿನಿಂದ ಅತ್ತೆಯನ್ನು ಹಿಡಿಯುವವರಿಲ್ಲ. ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸುವ ಪಕ್ಕದ ಮನೆಯವನಿಗೆ, "ನೋಡಪ್ಪಾ, ನನಗೆ ಮೂರು ಜನ ಅಣ್ಣಂದಿರಿದ್ದಾರೆ, ಹೇಳಿಬಿಡ್ತೀನಿ!" ಎಂದರು. ಆತ ಸ್ಕೂಟರ್ ತೆಗೆದ! ನಾನು ವರ್ಷಗಟ್ಟಲೆ ಕೈಮುಗಿದು ಬೇಡಿದರೂ ತೆಗೆಯದವನು. ಇನ್ನು ಅಣ್ಣಂದಿರನ್ನು ಕಣ್ಣಾರೆ ನೋಡಬೇಕು. ಅವರ ವಿಳಾಸದ ಸುಳಿವೇನಾದರೂ ಪತ್ರಿಕೆಯಲ್ಲಿ ಸಿಗುತ್ತದೋ ನೋಡಿಕೊಂಡು ಬನ್ನಿ ಎಂದು ನನ್ನೊಬ್ಬನನ್ನೇ ಲೈಬ್ರರಿಗೆ ಅಟ್ಟಿದರು.

ಅಲ್ಲೇ ಎಡವಟ್ಟು ಬಯಲಾದದ್ದು. ಗಡಿಯಾರ ರಿಪೇರಿಯವನು ಸತ್ತಿದ್ದ, ಮೂವರು ಪುತ್ರರು, ಒಬ್ಬ ಪುತ್ರಿ. ಪೋಸ್ಟ್‌ಮಾಸ್ತರರು ಸತ್ತಿದ್ದರು, ಮೂವರು ಪುತ್ರರು, ಒಬ್ಬ ಪುತ್ರಿ. ಬೇಕರಿಯವನಿಗೂ ಅಷ್ಟೇ, ವಕೀಲರಿಗೂ ಅಷ್ಟೇ. ಏನು ಶಿಸ್ತಿನ ಊರಪ್ಪಾ ಎಂದುಕೊಳ್ಳುತ್ತಾ ಪುಟ ತಿರುವಿದರೆ ಒಬ್ಬ ವ್ಯಾಯಾಮ ಶಿಕ್ಷಕರು ಸಿಕ್ಕಿದರು. "ಆಜನ್ಮ ಬ್ರಹ್ಮಚಾರಿಗಳಾಗಿದ್ದ ಇವರು ಪತ್ನಿ, ಮೂವರು ಪುತ್ರರು..." ನಾನು ಸಂಪುಟ ಮುಚ್ಚಿಬಿಟ್ಟೆ.

ಹೆಂಡತಿಗೆ ಹೇಳಿದೆ. ತಾತನ ಮಾನ ಉಳಿಯಿತೆಂದು ಅವಳು ನಿಟ್ಟುಸಿರು ಬಿಟ್ಟಳು. ಮರುಕ್ಷಣವೇ ಮುಖ ಸಪ್ಪೆಯಾಯಿತು. "ಅಮ್ಮನಿಗೆ ಯಾರು ಹೇಳೋದು?" ಎನ್ನುತ್ತಾ ನನ್ನನ್ನೇ ನೋಡಿದಳು. ನಾನು ಸೂರು ನೋಡಿದೆ. ಧೈರ್ಯದ ವಿಷಯದಲ್ಲಿ ನನಗೆ ಮೊದಲಿನಿಂದಲೂ ಮಿತವ್ಯಯ. ಪತ್ರಿಕೆಯವರು ಮಾಡಿದ್ದನ್ನು ಪತ್ರಿಕೆಯವರೇ ಹೇಳಲಿ ಎಂದು, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಳೆಯ ಮನುಷ್ಯರೊಬ್ಬರು ಇನ್ನೂ ಪ್ರೆಸ್ಸಿನ ಮೇಲ್ಮಹಡಿಯಲ್ಲೇ ಇದ್ದಾರಂತೆ, ಕೇಳೋಣ ಎಂದು ಅತ್ತೆಯನ್ನು ಹೊರಡಿಸಿದೆ. ಅತ್ತೆ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರು. ಅವರ ಆ ಸಂಭ್ರಮ ನೋಡಲಾಗದೆ ಬಸ್ಸಿನುದ್ದಕ್ಕೂ ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಮುದುಕರು ಎಂಬತ್ತೈದರ ಮೇಲಿನವರು. ಕಿವಿ ಚುರುಕು, ಬೆನ್ನು ಬಾಗಿತ್ತು. ಅತ್ತೆ ಕೊಟ್ಟ ನಿಧನ ವಾರ್ತೆಯ ನಕಲನ್ನು ತಲೆಕೆಳಗಾಗಿ ಹಿಡಿದು ಸರಾಗವಾಗಿ ಓದಿದರು. ಸೀಸದ ಅಕ್ಷರಗಳನ್ನು ಜೋಡಿಸುವವರಿಗೆ ಅದು ಅಭ್ಯಾಸವಂತೆ.

"ಇದು ನನ್ನ ಕೈಕೆಲಸವೇ ತಾಯಿ."

"ಹಾಗಾದ್ರೆ ಈ ಮೂರು ಜನ ಎಲ್ಲಿದ್ದಾರೆ ಹೇಳಿ."

ಮುದುಕರು ಕಕ್ಕಾಬಿಕ್ಕಿಯಾದರು. "ಅದು... ಹೇಗೆ ಹೇಳಲಿ... ನಾನು ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ನಮ್ಮಪ್ಪ ಹೋದ್ರು. ಅವರ ಸುದ್ದಿನ ನಾನೇ ಜೋಡಿಸಿದೆ. ಪತ್ನಿ, ಮೂವರು ಪುತ್ರರು, ಒಬ್ಬ ಪುತ್ರಿ. ಅಂದ್ರೆ ನಮ್ಮಮ್ಮ, ಅಣ್ಣ, ನಾನು, ತಮ್ಮ, ತಂಗಿ. ಅಚ್ಚಾದ ಮೇಲೆ ಮೊಳೆನೆಲ್ಲ ಬಿಚ್ಚಿ ಗೂಡಿಗೆ ವಾಪಸ್ ಹಾಕಬೇಕು. ಕೈ ಬರಲಿಲ್ಲ. ಅಪ್ಪನ್ನ ಇನ್ನೊಂದ್ಸಲ ಕಳಿಸಿದ ಹಾಗೆ ಆಗ್ತಿತ್ತು. ಹಾಗೇ ಕಟ್ಟಿ ಇಟ್ಕೊಂಡೆ. ಮುಂದಿನ ವಾರ ಇನ್ಯಾರೋ ಸತ್ರು. ಹೆಸರು, ಕಸುಬು, ವಯಸ್ಸು ಬದಲಾಯಿಸಿದೆ. ಕೆಳಗಿನ ಸಾಲು ಮುಟ್ಟಲಿಲ್ಲ."

"ಯಾರೂ ಬೈಲಿಲ್ವಾ?" ಎಂದೆ ನಾನು.

"ಜಾಸ್ತಿ ಮಕ್ಕಳಿದ್ದವರು ಬೈದ್ರು. ಕಮ್ಮಿ ಇದ್ದವರು ಖುಷಿಪಟ್ರು. ವ್ಯಾಯಾಮದ ಮೇಷ್ಟ್ರ ಅಕ್ಕ ಮಾತ್ರ ಕೋಲು ಹಿಡ್ಕೊಂಡು ಬಂದಿದ್ರು. ಆಮೇಲೆ ಅದೇ ಅಕ್ಕ, 'ಆ ಹೆಂಡ್ತಿ ಎಲ್ಲಿದ್ದಾಳೆ ಹೇಳು' ಅಂತ ಪೀಡಿಸಿದ್ರು."

ನನಗೆ ನಗು ಉಕ್ಕಿತು, ನುಂಗಿಕೊಂಡೆ. ಅತ್ತೆ ಕಾಗದವನ್ನು ನೋಡುತ್ತಾ ಕೂತಿದ್ದರು. ಅತ್ತೆಯ ಬಾಯಿಂದ ಮಾತು ಬರದಿದ್ದಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ, ಅಂಥ ಸಂದರ್ಭ ಬಂದೇ ಇರಲಿಲ್ಲ. ಕಡೆಗೆ ತಲೆ ಎತ್ತಿದರು.

"ತಪ್ಪಾಗಿದೆ ಅಂತ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿದ್ರಾ?"

"ಇಲ್ಲ ತಾಯಿ."

"ಹಾಗಾದ್ರೆ ಅಚ್ಚಾಗಿರೋದೇ ಸರಿ. ಆ ಮೂರು ಜನ ಪುತ್ರರು ನೀವು, ನಿಮ್ಮ ಅಣ್ಣ, ನಿಮ್ಮ ತಮ್ಮ. ಅಂದ್ರೆ ನೀವು ನನಗೆ ಅಣ್ಣ ಆಗಬೇಕು."

"ಅಯ್ಯೋ ತಾಯಿ, ಆ ಲೆಕ್ಕಕ್ಕೆ ಹೋದ್ರೆ ಆ ಕಾಲದಲ್ಲಿ ಈ ಊರಲ್ಲಿ ಸತ್ತವರೆಲ್ಲ ನನಗೆ ಅಪ್ಪಂದಿರೇ!"

"ಅವರ ಮಕ್ಕಳು ಯಾರಾದ್ರೂ ಅಣ್ಣ ಎಲ್ಲಿ ಅಂತ ಕೇಳ್ಕೊಂಡು ಬಂದ್ರಾ? ನಾನು ಬಂದಿದ್ದೀನಿ. ಸುಮ್ನೆ ಒಪ್ಕೊಳ್ಳಿ."

ಮುದುಕರು ನನ್ನ ಕಡೆ ನೋಡಿದರು. ಪುರಸಭೆಯ ಗುಮಾಸ್ತನ ಕಣ್ಣಲ್ಲಿ ಕಂಡ ಅದೇ ಕರುಣೆ ಈಗ ನನ್ನ ಕಣ್ಣಲ್ಲಿ ಇದ್ದಿರಬೇಕು. ಅಣ್ಣ ತೀರಿಕೊಂಡು ಬಹಳ ಕಾಲವಾಯಿತು, ತಮ್ಮನೊಬ್ಬ ದೂರದಲ್ಲಿ ಮಗಳ ಮನೆಯಲ್ಲಿದ್ದಾನೆ, ತಂಗಿಯೂ ಈಗಿಲ್ಲ, ತಾನಿಲ್ಲಿ ಒಬ್ಬನೇ ಎಂದರು. "ಒಪ್ಕೊಂಡ್ರೆ ಏನು ಮಾಡಬೇಕಾಗುತ್ತೆ?"

"ಭಾನುವಾರ ಮನೆಗೆ ಬರಬೇಕಾಗುತ್ತೆ."

ಅವರು ಬಂದೇ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು. ಅತ್ತೆ ವಂಶವೃಕ್ಷ ತೋರಿಸಿದರು. ಮುದುಕರು ಮೇಜಿನ ಆಚೆ ಬದಿಯಿಂದಲೇ ನೋಡಿ, "ಅಕ್ಷರದ ನಡುವೆ ಜಾಗ ಸಮ ಇಲ್ಲ. ಸಾಲು ಓರೆ ಆಗಿದೆ" ಎಂದರು.

"ನನ್ನ ಹಾಳೆ, ನನ್ನ ಸಾಲು."

"ಯಾರ ಹಾಳೆ ಆದ್ರೇನು, ಓರೆ ಓರೆಯೇ."

"ಬ್ರಹ್ಮಚಾರಿಗೆ ಸಂಸಾರ ಕಟ್ಟಿದವರು ನನಗೆ ಹೇಳೋಕೆ ಬರಬೇಡಿ!"

"ಅದರಲ್ಲಿ ತಪ್ಪಿರಬಹುದಮ್ಮ, ಸಾಲು ಮಾತ್ರ ನೆಟ್ಟಗಿತ್ತು!"

ಮಾಡಿಟ್ಟ ಟೀ ಆರಿತು. ನಾನೂ ನನ್ನ ಹೆಂಡತಿಯೂ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆವು. ಬಹಳ ಹೊತ್ತಿನ ಮೇಲೆ ಅತ್ತೆ ಸ್ಕೇಲು ಹುಡುಕುವ ನೆಪದಲ್ಲಿ ಒಳಗೆ ಬಂದರು. ಮುಖ ಕೆಂಪಾಗಿತ್ತು, ಕಣ್ಣು ಫಳಫಳ ಹೊಳೆಯುತ್ತಿತ್ತು. ಮಗಳ ತೋಳು ಹಿಡಿದು ಪಿಸುಗುಟ್ಟಿದರು:

"ನೋಡಿದ್ಯೇನೇ? ಒಂದು ಮಾತೂ ಬಿಟ್ಟುಕೊಡಲ್ಲ ಮಾರಾಯ್ತಿ!"

ಸ್ಕೇಲು ಮರೆತು ಮತ್ತೆ ಹೊರಗೆ ಓಡಿದರು.