ಒದ್ದೆ ಬಟ್ಟೆಯ ತೂಕ

ತಪ್ಪು ನೀನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಭಾಗದಲ್ಲಿ ಇರಲಿಲ್ಲ, ನಿರ್ಮಲಾ. ನಾನು ಬರೆದದ್ದರಲ್ಲಿತ್ತು. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ.

ಎರಡು ಸಾವಿರನೇ ಇಸವಿಯ ಆಸುಪಾಸು. ಹಡಗಲಿಯ ಆ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದವರು ನಾವಿಬ್ಬರೇ. ಹೂವಿನ ಮಂಡಿಗೆ ತೂಕದ ಪ್ರೋಗ್ರಾಂ ಮಾಡಿಕೊಡಬೇಕಿತ್ತು. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ನಿನಗೆ ವಿಷುವಲ್ ಬೇಸಿಕ್ ಬಾರದು, ನನಗೆ ಸಿ ಬಾರದು. ಹಾಗಾಗಿ ತೂಕ ತುಂಬುವ ಪರದೆ ನನ್ನದು, ಲೆಕ್ಕ ನಿನ್ನದು. ಎರಡನ್ನೂ ಕೂಡಿಸಲು ಹೋದರೆ — ಅಬ್ಬಬ್ಬಾ, ನನ್ನ ಪರದೆ ನಿನ್ನ ಲೆಕ್ಕವನ್ನು ಕರೆದ ಕೂಡಲೇ ಕಂಪ್ಯೂಟರ್ ನಿಂತೇ ಹೋಗುತ್ತಿತ್ತು. ಕೊನೆಗೊಮ್ಮೆ ಉತ್ತರ ಬಂದಾಗ ಇಬ್ಬರೂ ಕುಣಿದಾಡಿ ಮಂಡಕ್ಕಿ ಮಿರ್ಚಿ ತಿಂದೆವು. ಆ ಖುಷಿಯಲ್ಲಿ, ಬಂದ ಉತ್ತರ ಸರಿಯೋ ತಪ್ಪೋ ಎಂದು ನಾನು ನೋಡಲೇ ಇಲ್ಲ.

ಮಲ್ಲಿಗೆ ಬಾಡದಿರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಾರಲ್ಲ, ಆ ಬಟ್ಟೆಯ ತೂಕ ಕಳೆಯುವುದು ನಿನ್ನ ಭಾಗದ ಕೆಲಸ. ನೀನು ಸರಿಯಾಗಿಯೇ ಕಳೆದಿದ್ದೆ. ಆದರೆ ನಾನು ಹೂ ಬೆಳೆಯುವ ಮನೆಯವಳು. ಬಟ್ಟೆ ಬಿಟ್ಟೇ ತೂಕ ಹೇಳುವುದು ನಮ್ಮ ಮನೆಯ ರೂಢಿ. ಯೋಚನೆಯೇ ಇಲ್ಲದೆ ನನ್ನ ಪರದೆಯಲ್ಲೂ ಕಳೆಯುವ ಸಾಲೊಂದನ್ನು ಬರೆದುಬಿಟ್ಟಿದ್ದೆ. ಒಂದೇ ಬಟ್ಟೆಯ ತೂಕ ಎರಡು ಸಲ ಹೋಯಿತು.

ಮೊದಲ ದಿನವೇ ಗಲಾಟೆ. "ನಮ್ಮ ಹೂವು ಎಲ್ಲಿ ಹೋತ್ರಿ? ನಿಮ್ಮ ಕಂಪ್ಯೂಟರ್ ತಿಂತೇನು?" ಎಂದು ಒಬ್ಬ ಹೆಂಗಸು ಬುಟ್ಟಿ ಸಮೇತ ಸೆಂಟರಿಗೇ ಬಂದಳು. ಮಾಲೀಕರು ಕೆಂಡವಾಗಿದ್ದರು. ಅಷ್ಟರಲ್ಲಿ ನನ್ನ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಕೆಲಸ ಹೋದರೆ ಮನೆಯವರು ಮದುವೆ ಮಾಡಿ ಕಳಿಸಿಬಿಡುತ್ತಾರೆ ಎಂಬ ಭಯ. ನಿನಗೂ ಅದೇ ಭಯವಿತ್ತು, ಅದೂ ನನಗೆ ಗೊತ್ತಿತ್ತು...

"ಸಿ ಭಾಗದಾಗ ತಪ್ಪೈತ್ರಿ ಸರ್. ನನ್ನ ಕಡಿಂದ ಹೊಂದಿಸ್ತೀನಿ" ಅಂದೆ.

ಗುಟ್ಟಾಗಿ ಆ ಸಾಲು ಅಳಿಸಿದೆ. ತೂಕ ಸರಿಯಾಯಿತು. ನನಗೆ ಶಹಬ್ಬಾಸ್, ನಿನಗೆ, "ನಾಳಿಂದ ಬರಬ್ಯಾಡಮ್ಮ."

ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ನೀನು ಕೂಡ್ಲಿಗಿ ಬಸ್ಸು ಹತ್ತುವ ಮುಂಚೆ ಬಂದು, "ನಾ ಎಲ್ಲಿ ತಪ್ಪೀನಿ, ತೋರ್ಸೇ. ಮುಂದ ಹಂಗ ಮಾಡಂಗಿಲ್ಲ" ಎಂದು ಕೇಳಿದೆ.

"ಹೋಗ್ಲಿ ಬಿಡೇ, ಈಗ ಸರಿ ಆಗೈತಿ" ಎಂದು ನಾನು ಕಂಪ್ಯೂಟರ್ ಆರಿಸಿದೆ.

ಆಮೇಲೆ ನೀನು ಕಂಪ್ಯೂಟರ್ ಮುಟ್ಟಲೇ ಇಲ್ಲವಂತೆ. ಅಂಗಡಿಗೆ ಹೋದರೂ ಚಿಲ್ಲರೆ ಎಣಿಸಲು ಬೇರೆಯವರ ಕೈಗೆ ಕೊಡುತ್ತೀಯಂತೆ — ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ತಂಗಿ ನಗುತ್ತಾ ಹೇಳಿದಳು. ನನಗೆ ನಗಲಾಗಲಿಲ್ಲ.

ಭಾನುವಾರ ಬರುತ್ತೇನೆ. ಕದ ತೆಗೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ತೆಗೆಯದಿದ್ದರೂ ಸರಿ, ನಿಮ್ಮ ಓಣಿಗೆಲ್ಲ ಕೇಳುವಂತೆ ಹೊರಗೆ ನಿಂತೇ ಹೇಳುತ್ತೇನೆ: ನಿರ್ಮಲಾ, ನಿನ್ನ ಲೆಕ್ಕ ಸರಿ ಇತ್ತು.